ಹಳೇ ಕನ್ನಡ ಸಿನಿಮಾ, ಕಂಪನಿ ನಾಟಕ, ಗ್ರಾಮಫೋನ್ ಕಾಲದ ಪುಸ್ತಕಗಳು: ಹುಡುಕೋದು, ಓದೋದು, ತಾಳೆ ನೋಡೋದು ಹೇಗೆ (ಸಮಗ್ರ ಮಾರ್ಗದರ್ಶಿ)

ಹಳೇ ಕನ್ನಡ ಸಿನಿಮಾ ಬಗ್ಗೆ ಎಲ್ಲಾದ್ರೂ ಮಾತು ಶುರುವಾದ್ರೆ ಸಾಕು, ಸ್ವಲ್ಪ ಹೊತ್ತಿಗೆ ವರ್ಷದ ಜಗಳ ಹತ್ಕೊಳ್ಳುತ್ತೆ. ಒಬ್ರು 1942 ಅಂತಾರೆ, ಇನ್ನೊಬ್ರು 1943 ಅಂತಾರೆ, ಮೂರನೆಯವರು ವಾಟ್ಸಾಪಲ್ಲಿ ಬಂದ ಪೋಸ್ಟರ್ ತೋರಿಸಿ ಎರಡೂ ಅಲ್ಲ ಅಂತಾರೆ, ಆಮೇಲೆ ಯಾರೋ ಒಂದು ಪುಸ್ತಕದ ಹೆಸರು ಹೇಳ್ತಾರೆ, ಅಲ್ಲಿಗೆ ಮಾತು ಮುಗೀತು. ಆದ್ರೆ ಆ ಪುಸ್ತಕ ಬರ್ದವರಿಗೆ ಆ ವರ್ಷ ಎಲ್ಲಿಂದ ಸಿಕ್ತು ಅಂತ ಯಾರೂ ಕೇಳಲ್ಲ. ನಾನು ಹೇಳೋದು ಇಷ್ಟೇ: ಪುಸ್ತಕ ಎಷ್ಟೇ ದಪ್ಪ ಇರ್ಲಿ, ಬರ್ದವರು ಎಷ್ಟೇ ಓದಿಕೊಂಡವರಿರ್ಲಿ, ಅದರಲ್ಲಿರೋ ವರ್ಷ, ಹೆಸರು, ಊರು ಎಲ್ಲಾನೂ ಆ ಸಿನಿಮಾ ಬಂದ ಕಾಲದಲ್ಲೇ ಅಚ್ಚಾದ ಕಾಗದದ ಪಕ್ಕ ಇಟ್ಟು ನೋಡಿದ ಮೇಲೇ ಗಟ್ಟಿ. ಆ ಕಾಗದ ಅಂದ್ರೆ ದೊಡ್ಡದೇನಲ್ಲ, ಟಾಕೀಸಿನ ಬಾಗಿಲಲ್ಲಿ ಎರಡಾಣೆಗೆ ಮಾರ್ತಿದ್ದ ಹಾಡಿನ ಪುಸ್ತಕ, ಪೇಪರಲ್ಲಿ ಬಂದ ನಾಲ್ಕಿಂಚು ಜಾಹೀರಾತು, ರೆಕಾರ್ಡಿನ ಮೇಲಿನ ಲೇಬಲ್ಲು, ಇಂಥವು. ಈ ಕೆಲಸ ಮನೆಯಲ್ಲೇ ಕೂತು ಶುರು ಮಾಡೋದು ಹೇಗೆ ಅಂತ ಕೆಳಗೆ ಹಂತ ಹಂತವಾಗಿ ಬರ್ದಿದೀನಿ, ಕನ್ನಡದ್ದೇ ಉದಾಹರಣೆ ತಗೊಂಡಿದೀನಿ.

ಹಂತ 1: ಮೊದಲು ಪ್ರಶ್ನೆ ಸರಿ ಮಾಡ್ಕೊಳ್ಳಿ

ಪುಸ್ತಕ ತೆಗೆಯೋಕೆ ಮುಂಚೆ ನಿಮ್ಗೆ ಏನು ಬೇಕು ಅಂತ ಒಂದು ಸಾಲಲ್ಲಿ ಬರ್ಕೊಳ್ಳಿ. "ಮೊದಲ" ಅನ್ನೋ ಪದ ಇದ್ರೆ ಅದರ ಮುಂದೆ ಇನ್ನೊಂದು ಪದ ಸೇರಿಸ್ದೆ ಮುಂದಕ್ಕೆ ಹೋಗ್ಬೇಡಿ. ಮೊದಲ ಕನ್ನಡ ಟಾಕಿ (ಮಾತಾಡೋ ಚಿತ್ರ) ಯಾವುದು ಅಂದ್ರೆ ಎಲ್ರೂ ಸತಿ ಸುಲೋಚನ ಅಂತಾರೆ, ಸರಿನೇ, 1934ರ ಮಾರ್ಚ್ 3ಕ್ಕೆ ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಲ್ಲಿ ಬಿಡುಗಡೆ ಆಯ್ತು, ವೈ.ವಿ. ರಾವ್ ನಿರ್ದೇಶನ, ಚಮನ್‌ಲಾಲ್ ಡುಂಗಾಜಿ ದುಡ್ಡು ಹಾಕಿದ್ದು, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾವ್ ರಾವಣ, ಶೂಟಿಂಗ್ ನಡೆದಿದ್ದು ಕೊಲ್ಹಾಪುರದಲ್ಲಿ. ಆದ್ರೆ ಭಕ್ತ ಧ್ರುವ ಅದಕ್ಕಿಂತ ಮುಂಚೆ ಶುರುವಾಗಿತ್ತು, ತೆರೆಗೆ ಬಂದಿದ್ದು ಮಾತ್ರ ಅದೇ ವರ್ಷ ಆಮೇಲೆ. ಅಂದ್ರೆ "ಮೊದಲು ಬಿಡುಗಡೆ ಆದ" ಅಂತ ಕೇಳಿದ್ರೆ ಒಂದು ಉತ್ತರ, "ಮೊದಲು ಶುರುವಾದ" ಅಂತ ಕೇಳಿದ್ರೆ ಇನ್ನೊಂದು. ಇಬ್ರು ಜಗಳ ಆಡ್ತಾ ಇರ್ತಾರೆ, ಇಬ್ರೂ ಸರಿ ಇರ್ತಾರೆ.

ರಾಜ್‌ಕುಮಾರ್ ಅವರ ಮೊದಲ ಚಿತ್ರ ಅನ್ನೋದೂ ಹಂಗೇ. ನಾಯಕನಾಗಿ ಅಂದ್ರೆ 1954ರ ಬೇಡರ ಕಣ್ಣಪ್ಪ, ಅದಕ್ಕೂ ಮುಂಚೆ 1952ರ ಶ್ರೀ ಶ್ರೀನಿವಾಸ ಕಲ್ಯಾಣದಲ್ಲಿ ಒಂದು ಚಿಕ್ಕ ಪಾತ್ರ, ಅದಕ್ಕೂ ಹಿಂದೆ ಹುಡುಗನಾಗಿದ್ದಾಗ 1942ರ ಭಕ್ತ ಪ್ರಹ್ಲಾದ. ಮೂರು ಪುಸ್ತಕದಲ್ಲಿ ಮೂರು ಇಸವಿ ಕಂಡ್ರೆ ಒಂದು ಸುಳ್ಳು ಅಂತ ಓಡ್ಬೇಡಿ, ಆ ಮೂರು ಜನ ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರ್ದಿರ್ತಾರೆ.

ಹಂತ 2: ಕಪಾಟಿನ ಬುನಾದಿ

ಈ ವಿಷಯದಲ್ಲಿ ಪುಸ್ತಕ ಬೇರೆ ಬೇರೆ ಜಾತಿಯವು ಇವೆ, ಒಂದಕ್ಕೆ ಕೇಳೋ ಪ್ರಶ್ನೆ ಇನ್ನೊಂದಕ್ಕೆ ಕೇಳಬಾರ್ದು.

ಒಂದು ಪಟ್ಟಿ ಪುಸ್ತಕಗಳು, ಅಂದ್ರೆ ಕೋಶ, ಡೈರೆಕ್ಟರಿ ಥರದವು. ಇಡೀ ಇಂಡಿಯಾಕ್ಕೆ ಒಂದೇ ಪುಸ್ತಕ ಬೇಕು ಅಂದ್ರೆ ಆಶಿಶ್ ರಾಜಾಧ್ಯಕ್ಷ ಮತ್ತು ಪಾಲ್ ವಿಲ್ಲೆಮನ್ ಮಾಡಿರೋ ಎನ್‌ಸೈಕ್ಲೋಪೀಡಿಯಾ ಆಫ್ ಇಂಡಿಯನ್ ಸಿನಿಮಾ, 1994ರಲ್ಲಿ ಬಂತು, 1999ರಲ್ಲಿ ತಿದ್ದಿ ಮತ್ತೆ ಅಚ್ಚು ಮಾಡಿದ್ರು. ಕೊಳ್ಳೋದಾದ್ರೆ 1999ರದ್ದೇ ಕೊಳ್ಳಿ. ಕನ್ನಡದ ಚಿತ್ರಗಳು, ನಿರ್ದೇಶಕರು, ನಟರು ಎಲ್ಲ ಬೇರೆ ಭಾಷೆಯವರ ಪಕ್ಕದಲ್ಲೇ ಸಿಗ್ತಾರೆ, ಇದು ಕನ್ನಡಕ್ಕೆ ತುಂಬಾ ಮುಖ್ಯ, ಯಾಕಂದ್ರೆ ನಮ್ಮ ಹಳೇ ಚಿತ್ರಗಳು ಅರ್ಧಕ್ಕರ್ಧ ಮದ್ರಾಸು, ಕೊಲ್ಹಾಪುರ, ಸೇಲಂ, ಕೊಯಮತ್ತೂರಿನ ಸ್ಟುಡಿಯೋಗಳಲ್ಲೇ ಹುಟ್ಟಿದ್ದು, ಕನ್ನಡದ್ದನ್ನ ಮಾತ್ರ ಓದಿದ್ರೆ ಕಥೆ ಅರ್ಧ ಕಾಣುತ್ತೆ. ಹಿಂದಿಯವರಿಗೆ ಕಾನ್ಪುರದ ಹರ್‌ಮಂದಿರ್ ಸಿಂಗ್ 'ಹಮ್‌ರಾಜ್' ಮಾಡಿಕೊಟ್ಟ ಹಿಂದಿ ಫಿಲ್ಮ್ ಗೀತ್ ಕೋಶ್ ಇದೆ, ಇಸವಿವಾರು ಒಂದೊಂದು ಚಿತ್ರ, ಅದರ ಹಾಡುಗಳು, ಹಾಡಿದವರು, ರೆಕಾರ್ಡ್ ನಂಬರ್. ಕನ್ನಡ ಓದುಗರಿಗೆ ಅದರಿಂದ ನೇರ ಉಪಯೋಗ ಕಡಿಮೆ, ಆದ್ರೆ ಒಂದು ಪಟ್ಟಿ ಹೇಗಿರ್ಬೇಕು ಅಂತ ಕಲಿಯೋಕೆ ಅದನ್ನ ಲೈಬ್ರರಿಯಲ್ಲಿ ಒಂದ್ಸಲ ಕೂತು ತಿರುವಿ ಹಾಕಿ, ನಿಮ್ಮ ನೋಟ್‌ಬುಕ್ಕಿನ ಕಾಲಂಗಳು ಅಲ್ಲೇ ಸಿದ್ಧ ಆಗ್ಬಿಡ್ತವೆ.

ಇನ್ನೊಂದು ಕಥನ, ವಿಮರ್ಶೆಯ ಪುಸ್ತಕಗಳು. ಡಾ. ಕೆ. ಪುಟ್ಟಸ್ವಾಮಿ ಅವರ ಸಿನಿಮಾಯಾನದಿಂದ ಶುರು ಮಾಡಿ, ಸಿನಿಮಾ ಬಗ್ಗೆ ಬಂದ ಅತ್ಯುತ್ತಮ ಪುಸ್ತಕ ಅಂತ ರಾಷ್ಟ್ರಪ್ರಶಸ್ತಿ ಬಂದಿದ್ದು ಅದಕ್ಕೆ. ದೊಡ್ಡಹುಲ್ಲೂರು ರುಕ್ಕೋಜಿ ಅವರ ಡಾ. ರಾಜಕುಮಾರ್ ಸಮಗ್ರ ಚರಿತ್ರೆಗೂ ಅದೇ ಪ್ರಶಸ್ತಿ ಬಂದಿದೆ, ಒಬ್ಬ ನಟನ ದಾರಿ ಹಿಡ್ಕೊಂಡು ಹೋದ್ರೆ ಒಂದು ಉದ್ಯಮದ ಅರ್ಧ ಶತಮಾನ ಹೇಗೆ ಕಾಣುತ್ತೆ ಅನ್ನೋದಕ್ಕೆ ಓದ್ಬೇಕು.

ಮತ್ತೊಂದು ಆತ್ಮಕಥೆಗಳು. ಗುಬ್ಬಿ ವೀರಣ್ಣನವರ ಕಲೆಯೇ ಕಾಯಕ, ಏಣಗಿ ಬಾಳಪ್ಪನವರ ನೆನಪುಗಳನ್ನ ಗಣೇಶ ಅಮೀನಗಡ ಬರೆದುಕೊಂಡ ಬಣ್ಣದ ಬದುಕಿನ ಚಿನ್ನದ ದಿನಗಳು, ವೈದೇಹಿ ಅವರು ಬರೆದುಕೊಂಡ ಬಿ.ವಿ. ಕಾರಂತರ ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ. ಕಂಪನಿ ನಾಟಕದ ಒಳಗಿನ ಬದುಕು, ಕ್ಯಾಂಪು ಹಾಕೋದು, ಕಲೆಕ್ಷನ್ ಬೀಳದ ರಾತ್ರಿ, ಸಂಬಳ, ಜಗಳ, ಇದೆಲ್ಲ ಬೇರೆ ಯಾವ ಕೋಶದಲ್ಲೂ ಸಿಗಲ್ಲ, ಇವು ಬಂಗಾರ. ಆದ್ರೆ ಇಸವಿಗಾಗಿ ಆತ್ಮಕಥೆಗೆ ಹೋಗ್ಬೇಡಿ. ವಯಸ್ಸಾದ ಮೇಲೆ ನೆನಪು ಮಾಡ್ಕೊಂಡು ಹೇಳಿದ್ದು, ಇನ್ನೊಬ್ರು ಕೇಳಿ ಬರ್ಕೊಂಡಿದ್ದು, ಅಲ್ಲಿ ಮಳೆಗಾಲ, ಜಾತ್ರೆ, ಊರು ಸರಿಯಾಗಿ ನೆನಪಿರುತ್ತೆ, ಇಸವಿ ಹಿಂದೆ ಮುಂದೆ ಆಗುತ್ತೆ. ಅದಕ್ಕೇ ನಾನು ಆತ್ಮಕಥೆ ಓದುವಾಗ ಊರಿನ ಹೆಸರು, ಜೊತೆಗಿದ್ದವರ ಹೆಸರು ಮಾತ್ರ ಬರ್ಕೊಳ್ತೀನಿ, ಇಸವಿ ಪಕ್ಕ ಪೆನ್ಸಿಲಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕ್ತೀನಿ.

ಹಂತ 3: ಕೊಳ್ಳೋಕೆ ಮುಂಚೆ ಅಂಗಡಿಯಲ್ಲೇ ಪರೀಕ್ಷೆ

ಮುಖಪುಟ ಚೆನ್ನಾಗಿದೆ ಅಂತ ತಗೋಬೇಡಿ. ಮೊದಲು ಮುನ್ನುಡಿ ಓದಿ, ಲೇಖಕರು ಮಾಹಿತಿ ಎಲ್ಲಿಂದ ತಗೊಂಡೆ ಅಂತ ಹೇಳಿದಾರಾ ನೋಡಿ. ಆಮೇಲೆ ಇಸವಿ ಅಂದ್ರೆ ಯಾವ ಇಸವಿ, ಸೆನ್ಸಾರ್ ಆದದ್ದಾ ಬಿಡುಗಡೆ ಆದದ್ದಾ ಅಂತ ಎಲ್ಲಾದ್ರೂ ಬರ್ದಿದಾರಾ ಹುಡುಕಿ. ಡಿಸೆಂಬರಲ್ಲಿ ಸೆನ್ಸಾರ್ ಆಗಿ ಜನವರಿಯಲ್ಲಿ ತೆರೆಗೆ ಬಂದ ಚಿತ್ರಕ್ಕೆ ಎರಡು ಇಸವಿ ಇರುತ್ತೆ, ಒಂದು ವರ್ಷ ಆಚೀಚೆ ಆಗೋ ಜಗಳದಲ್ಲಿ ಬಹಳಷ್ಟು ಇದರಿಂದಲೇ ಹುಟ್ಟೋದು. ಇದನ್ನ ಹೇಳದೇ ಇರೋ ಪಟ್ಟಿಯನ್ನ ನಾನು ಕೊಳ್ಳಲ್ಲ ಅಂತಲ್ಲ, ಕೊಳ್ತೀನಿ, ಅದರ ಇಸವಿಗೆ ಒಂದು ವರ್ಷದ ಸಡಿಲ ಇಟ್ಟು ಓದ್ತೀನಿ.

ಕೊನೇಲಿ ಹೆಸರಿನ ಸೂಚಿ ಇದೆಯಾ ನೋಡಿ. ಸೂಚಿ ಇಲ್ಲದ ರೆಫರೆನ್ಸ್ ಪುಸ್ತಕ ಇಟ್ಕೊಂಡು ಒಬ್ಬ ಹಾರ್ಮೋನಿಯಂ ಮಾಸ್ತರರ ಹೆಸರು ಹುಡುಕೋಕೆ ಹೋದ್ರೆ ಒಂದು ಭಾನುವಾರ ಪೂರ್ತಿ ಹೋಗುತ್ತೆ.

ಆಮೇಲೆ ಒಂದೇ ಹೆಸರಿನ ಚಿತ್ರಗಳ ಪರೀಕ್ಷೆ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇದು. ಭಕ್ತ ಪ್ರಹ್ಲಾದ ಅನ್ನೋ ಹೆಸರಲ್ಲಿ ಕನ್ನಡದಲ್ಲೇ 1942ರದ್ದು, 1958ರದ್ದು, 1983ರದ್ದು ಇವೆ. ಸದಾರಮೆ 1935ರಲ್ಲಿ ಗುಬ್ಬಿ ಕಂಪನಿಯವರದು, 1956ರಲ್ಲಿ ಇನ್ನೊಂದು. ಹರಿಶ್ಚಂದ್ರ ಇನ್ನೂ ಚೆನ್ನಾಗಿದೆ: 1943ರಲ್ಲಿ ಎ.ವಿ. ಮೇಯಪ್ಪನ್ (ಆಮೇಲೆ ಎವಿಎಂ ಕಟ್ಟಿದವರು) ಅವರ ಕನ್ನಡ ಸತ್ಯ ಹರಿಶ್ಚಂದ್ರ ಬಂತು, ಮರುವರ್ಷ ಅದನ್ನ ತಮಿಳಿಗೆ ಡಬ್ ಮಾಡಿದ್ರು, ಆಮೇಲೆ 1965ರಲ್ಲಿ ರಾಜ್‌ಕುಮಾರ್ ಅವರ ಸತ್ಯ ಹರಿಶ್ಚಂದ್ರ, ಅದರ ಜೊತೆಗೇ ತೆಲುಗಿಂದು ಬೇರೆ. ವಸಂತಸೇನೆ ಕಥೆ ತಗೊಂಡ್ರೆ ಮೋಹನ್ ಭವನಾನಿ ಅವರ ಮೂಕಿ ಚಿತ್ರ ಒಂದು, ಅದರಲ್ಲಿ ನಮ್ಮ ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ, ಏಣಾಕ್ಷಿ ರಾಮರಾವ್ ಇದ್ರು, ಅದನ್ನ ಕೆಲವು ಕಡೆ ಮೃಚ್ಛಕಟಿಕ ಅಂತಲೂ ಬರೀತಾರೆ, ಆಮೇಲೆ 1941ರ ಟಾಕಿ ವಸಂತಸೇನಾ ಬೇರೆ. ಪುಸ್ತಕದಲ್ಲಿ ಇವು ಕಲಸಿಹೋಗಿವೆಯಾ, ಒಂದರ ತಾರಾಗಣ ಇನ್ನೊಂದಕ್ಕೆ ಅಂಟಿಕೊಂಡಿದೆಯಾ ಅಂತ ಅಂಗಡಿಯಲ್ಲೇ ನಿಂತು ನೋಡಿ. ಇಲ್ಲಿ ಸರಿ ಇದ್ರೆ ಬೇರೆ ಕಡೆನೂ ಲೇಖಕರು ಕಷ್ಟಪಟ್ಟಿದಾರೆ ಅಂತ ಅರ್ಥ.

ಹಂತ 4: ಹಾಡಿನ ಪುಸ್ತಕ ಓದೋ ವಿದ್ಯೆ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಈ ಇಡೀ ಕೆಲಸದ ಜೀವ ಇಲ್ಲೇ ಇರೋದು.

ಹಾಡಿನ ಪುಸ್ತಕ ಅಂದ್ರೆ ಎಂಟು, ಹನ್ನೆರಡು, ಹದಿನಾರು ಪುಟದ್ದು, ನಡುವೆ ಒಂದೋ ಎರಡೋ ಪಿನ್ನು, ಮುಖಪುಟದಲ್ಲಿ ನಾಯಕ ನಾಯಕಿ ಫೋಟೋ ಒಂದೇ ಬಣ್ಣದ ಶಾಯಿಯಲ್ಲಿ, ಒಳಗೆ ತಾರಾಗಣ, ತಾಂತ್ರಿಕ ವರ್ಗ, ಕಥಾಸಾರ, ಹಾಡುಗಳು, ಹಿಂದಿನ ರಟ್ಟಿಗೆ ಸೋಪಿಂದೋ ತಲೆಗೆಣ್ಣೆದೋ ಜಾಹೀರಾತು. ಕಥಾಸಾರ ಯಾವಾಗ್ಲೂ ಸರಿಯಾದ ಜಾಗದಲ್ಲಿ ನಿಂತುಬಿಡುತ್ತೆ, ನಾಯಕಿ ಕಷ್ಟಕ್ಕೆ ಸಿಕ್ಕಿಕೊಂಡಾಗ "ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ" ಅಂತ. ಪ್ರಿಂಟು ಉಳೀದೇ ಇರೋ ಚಿತ್ರಗಳಿಗೆ, ಸತಿ ಸುಲೋಚನವೇ ಇವತ್ತು ನೋಡೋಕೆ ಸಿಗಲ್ಲ, ಇಂಥ ಕಾಗದ ಬಿಟ್ರೆ ಬೇರೆ ಆಸರೆ ಕಡಿಮೆ.

ಬಹಳಷ್ಟು ಹಾಡಿನ ಪುಸ್ತಕದ ಮೇಲೆ ಇಸವಿ ಇರಲ್ಲ. ಹಂಗಂತ ಕೈ ಬಿಡಬೇಡಿ, ಇಸವಿ ಬೇರೆ ಕಡೆ ಅಡಗಿರುತ್ತೆ. ಮೊದಲು ಬೆಲೆ ನೋಡಿ. ಆಣೆಯಲ್ಲಿ ಇದ್ರೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು ಅನ್ನೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ಅವತ್ತಿಂದ ರೂಪಾಯಿಗೆ ನೂರು ನಯಾಪೈಸೆ ಲೆಕ್ಕ ಬಂತು. "12 ನ.ಪೈ." ಅಂತಿದ್ರೆ ಅದು ಹೊಸ ಲೆಕ್ಕಕ್ಕೆ ತಿರುಗಿಸಿದ ಹಳೇ ಎರಡಾಣೆ, ಬದಲಾವಣೆಯ ಆ ಕೆಲವು ವರ್ಷದ್ದು ಅಂತ ಹೇಳ್ಬಹುದು. 1964ರ ಜೂನ್ 1ರಿಂದ "ನಯಾ" ಬಿದ್ದುಹೋಗಿ ಬರೀ ಪೈಸೆ ಆಯ್ತು. ಅಂದ್ರೆ ಬೆಲೆಯ ಒಂದು ಸಾಲಿಂದ ಪುಸ್ತಕ ಮೂರು ಕಾಲದಲ್ಲಿ ಯಾವುದಕ್ಕೆ ಸೇರುತ್ತೆ ಅಂತ ಗೊತ್ತಾಗುತ್ತೆ. ಊರ ಕಡೆ ಜನ 1957 ಆದ್ಮೇಲೂ ಆಣೆಯಲ್ಲೇ ಮಾತಾಡ್ತಿದ್ರು, ಕೆಲವು ಪ್ರೆಸ್ಸಿನವರು ಹಳೇ ರೂಢಿ ಬಿಡಲಿಲ್ಲ, ಅದಕ್ಕೇ ಇದೊಂದನ್ನೇ ನಂಬಿ ಇಸವಿ ಬರೀಬಾರ್ದು.

ಆಮೇಲೆ ವಿಳಾಸ. ಪ್ರೆಸ್ಸಿಂದು ಅಥವಾ ಹಂಚಿಕೆದಾರರದ್ದು ಕೆಳಗೆ ಚಿಕ್ಕ ಅಕ್ಷರದಲ್ಲಿ ಇರುತ್ತೆ. "ಬೆಂಗಳೂರು-2" ಅಂತ ಒಂದೋ ಎರಡೋ ಅಂಕಿ ಇದ್ರೆ ಹಳೇದು, ಆರಂಕಿಯ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ 15 ಆದ್ಮೇಲಿಂದು. "ಮೈಸೂರು ರಾಜ್ಯ" ಅಂತಿದ್ರೆ 1973ರ ನವೆಂಬರ್ 1ಕ್ಕಿಂತ ಮುಂಚಿಂದು, "ಮದರಾಸು ರಾಜ್ಯ" ಅಂತಿದ್ರೆ 1969ಕ್ಕಿಂತ ಹಿಂದಿಂದು. ಇದನ್ನ ಇನ್ನೊಂದು ಕಡೆಯಿಂದಲೂ ಉಪಯೋಗಿಸ್ಬಹುದು. 1950ರ ದಶಕದ ಚಿತ್ರದ ಹಾಡಿನ ಪುಸ್ತಕದ ಮೇಲೆ ಪಿನ್‌ಕೋಡ್ ಕಂಡ್ರೆ ಅದು ಮರುಬಿಡುಗಡೆಗೆ ಅಚ್ಚು ಮಾಡಿದ್ದು, ಮೂಲದ್ದಲ್ಲ, ಅದರಲ್ಲಿರೋ ತಾರಾಗಣದ ಕ್ರಮವನ್ನ ನಂಬಬಾರ್ದು, ಯಾಕಂದ್ರೆ ಆಮೇಲೆ ದೊಡ್ಡ ಹೆಸರು ಮಾಡಿದವರನ್ನ ಮರುಮುದ್ರಣದಲ್ಲಿ ಮೇಲಕ್ಕೆ ತರ್ತಾರೆ. ಮಾರೋರು ಎರಡಕ್ಕೂ ಒಂದೇ ರೇಟು ಹೇಳಿದ್ರೆ ಈ ಸಾಲು ತೋರಿಸಿ.

ತಾರಾಗಣ ಬರ್ಕೊಳ್ಳುವಾಗ ಅಚ್ಚಲ್ಲಿ ಇರೋ ಹಾಗೇ ಬರ್ಕೊಳ್ಳಿ, ತಿದ್ದಬೇಡಿ. ಸುಬ್ಬಯ್ಯ ನಾಯ್ಡು, ಎಂ.ವಿ. ಸುಬ್ಬಯ್ಯನಾಯ್ಡು, ಸುಬ್ಬಯ್ಯನಾಯುಡು, ಎಲ್ಲ ಒಬ್ಬರೇ ಅಂತ ನಿಮ್ಗೆ ಗೊತ್ತು, ಆದ್ರೂ ಮೂರೂ ಬೇರೆ ಬೇರೆಯಾಗಿ ದಾಖಲಾಗ್ಬೇಕು. ಮುಂದೆ ಕಂಪ್ಯೂಟರಲ್ಲಿ ಹುಡುಕುವಾಗ ಈ ಬೇರೆ ಬೇರೆ ರೂಪಗಳೇ ಕೈ ಹಿಡಿಯೋದು.

ಹಾಡುಗಳ ಭಾಗದಲ್ಲಿ ಹಳೇವಕ್ಕೆ ರಾಗ, ತಾಳ ಕೊಟ್ಟಿರ್ತಾರೆ, ಕಂಪನಿ ನಾಟಕದ ರೂಢಿ ಅದು. ಹಾಡಿದವರ ಹೆಸರು ಎಷ್ಟೋ ಸಲ ಇರಲ್ಲ, ಆ ಕಾಲದಲ್ಲಿ ನಟರೇ ಸೆಟ್ಟಲ್ಲಿ ನಿಂತು ಹಾಡ್ತಿದ್ದಿದ್ದು ಒಂದು ಕಾರಣ. ಇನ್ನೊಂದು ಎಚ್ಚರಿಕೆ: ಹಾಡಿನ ಪುಸ್ತಕ ಬಿಡುಗಡೆಗೆ ಮುಂಚೆಯೇ ಅಚ್ಚಿಗೆ ಹೋಗಿರುತ್ತೆ. ಆಮೇಲೆ ಉದ್ದ ಆಯ್ತು ಅಂತ ಹಾಡು ಕತ್ತರಿಸಿದ್ರೆ ಅದು ಪುಸ್ತಕದಲ್ಲಿ ಉಳಿದುಬಿಡುತ್ತೆ. ಕೊನೇ ಪುಟದಲ್ಲಿ "ನಮ್ಮ ಮುಂದಿನ ಚಿತ್ರ" ಅಂತ ಇದ್ರೆ ಅದು ಬಂದೇ ಬಂತು ಅಂತಲ್ಲ, ಘೋಷಣೆಯಲ್ಲೇ ನಿಂತ ಚಿತ್ರಗಳು ಎಷ್ಟೋ ಪಟ್ಟಿಗಳಲ್ಲಿ ನಿಜವಾದ ಚಿತ್ರಗಳ ಜೊತೆ ಸೇರಿಕೊಳ್ಳೋದು ಈ ದಾರಿಯಿಂದಲೇ. ಆದ್ರಿಂದ ಹಾಡಿನ ಪುಸ್ತಕ ಹೆಸರುಗಳಿಗೆ ಗಟ್ಟಿ, ಬಿಡುಗಡೆ ತಾರೀಕಿಗೆ ಬೇರೆ ಸಾಕ್ಷಿ ಬೇಕು.

ಹಂತ 5: ತಾರೀಕಿಗೆ ಪೇಪರು, ಉದ್ದಕ್ಕೆ ಸೆನ್ಸಾರ್

ತಾರೀಕಿಗೆ ಅವತ್ತಿನ ಪೇಪರಿನ ಜಾಹೀರಾತೇ ಪ್ರಮಾಣ. "ಇಂದಿನಿಂದ" ಅನ್ನೋ ಜಾಹೀರಾತು ಸಿಕ್ರೆ ಕೆಲಸ ಆಯ್ತು. ಸಿಗದೇ ಇದ್ರೆ ಹಿಂದಕ್ಕೆ ಲೆಕ್ಕ ಹಾಕಿ: "ಇಂದು 100ನೇ ದಿನ" ಅಂತಿದ್ರೆ 99 ದಿನ ಕಳೀರಿ, "25ನೇ ವಾರ" ಅಂತಿದ್ರೆ 24 ವಾರ ಕಳೀರಿ. ಬಂದ ತಾರೀಕು ಯಾವ ವಾರ ಅಂತ ಕ್ಯಾಲೆಂಡರಲ್ಲಿ ನೋಡಿ. ಬೇಡರ ಕಣ್ಣಪ್ಪದ 1954ರ ಮೇ 7 ಶುಕ್ರವಾರ ಬರುತ್ತೆ, ಸಿನಿಮಾದವರ ರೂಢಿಗೆ ಸರಿಹೋಯ್ತು. ಸತಿ ಸುಲೋಚನದ 1934ರ ಮಾರ್ಚ್ 3 ಶನಿವಾರ ಬರುತ್ತೆ, ಶುಕ್ರವಾರ ಬರಲಿಲ್ಲ ಅಂತ ತಪ್ಪು ಅನ್ನೋ ಹಾಗಿಲ್ಲ, ಆಗ ಶುಕ್ರವಾರದ ಕಟ್ಟುಪಾಡು ಇಷ್ಟು ಗಟ್ಟಿ ಇರಲಿಲ್ಲ. ಆದ್ರೆ 1960ರ ನಂತರದ ಚಿತ್ರಕ್ಕೆ ಮಂಗಳವಾರ ಬಂದ್ರೆ, ಅವತ್ತು ಹಬ್ಬನೂ ಇಲ್ಲ ಅಂದ್ರೆ, ಆ ತಾರೀಕನ್ನ ಇನ್ನೊಂದ್ಸಲ ಹುಡುಕಿ.

ಪ್ರಜಾವಾಣಿ ಶುರುವಾಗಿದ್ದು 1948ರಲ್ಲಿ, ಸುಧಾ 1965ರಲ್ಲಿ. ಅದಕ್ಕಿಂತ ಹಿಂದಿನ ಚಿತ್ರಕ್ಕೆ ಅವುಗಳನ್ನ ಸಾಕ್ಷಿಯಾಗಿ ಯಾರಾದ್ರೂ ತೋರಿಸಿದ್ರೆ ಅದು ಆಮೇಲೆ ನೆನಪಿನಿಂದ ಬರೆದ ಲೇಖನ ಅಂತ ತಿಳ್ಕೊಳ್ಳಿ. ಒಂದು ಊರಿನ ಬಿಡುಗಡೆ ಇನ್ನೊಂದು ಊರಿನದ್ದಲ್ಲ ಅನ್ನೋದೂ ನೆನಪಿರ್ಲಿ, ಪ್ರಿಂಟು ಕಡಿಮೆ ಇದ್ದ ಕಾಲ, ಬೆಂಗಳೂರಲ್ಲಿ ಓಡಿ ಮುಗಿದ ಮೇಲೆ ಅದೇ ಡಬ್ಬ ಬೇರೆ ಊರಿಗೆ ಹೋಗ್ತಿತ್ತು, ಟೆಂಟಿಗೆ ಬರೋ ಹೊತ್ತಿಗೆ ವರ್ಷ ಕಳೆದಿರ್ತಿತ್ತು. ಅಜ್ಜಿ "ನಾನು ನೋಡಿದ್ದು ಆ ವರ್ಷ" ಅಂದ್ರೆ ಅವ್ರು ನೋಡಿದ್ದು ನಿಜವೇ.

ಸೆನ್ಸಾರ್ ವಿಷಯಕ್ಕೆ ಬಂದ್ರೆ, 1920ರಿಂದ ಬೊಂಬಾಯಿ, ಮದ್ರಾಸು, ಕಲ್ಕತ್ತಾ, ರಂಗೂನಲ್ಲಿ ಬೇರೆ ಬೇರೆ ಬೋರ್ಡು ಇದ್ವು, 1951ರಲ್ಲಿ ಒಂದೇ ಕೇಂದ್ರ ಮಂಡಳಿ ಬಂತು. ಸರ್ಟಿಫಿಕೇಟಲ್ಲಿ ಚಿತ್ರದ ಉದ್ದ ಅಡಿಯಲ್ಲಿ, ರೀಲಿನ ಲೆಕ್ಕ, ತಾರೀಕು ಇರುತ್ತೆ. 35 ಎಂಎಂ ಟಾಕಿ ನಿಮಿಷಕ್ಕೆ 90 ಅಡಿ ಓಡುತ್ತೆ, ಅಡಿಯನ್ನ 90ರಿಂದ ಭಾಗಿಸಿದ್ರೆ ನಿಮಿಷ ಸಿಕ್ತು. 15,000 ಅಡಿ ಅಂದ್ರೆ ಹತ್ರಹತ್ರ 2 ಗಂಟೆ 47 ನಿಮಿಷ. ಈಗ ಯೂಟ್ಯೂಬಲ್ಲಿ ಅದೇ ಚಿತ್ರ 2 ಗಂಟೆ 10 ನಿಮಿಷ ಇದ್ರೆ ಏನೋ ಕತ್ತರಿಸಿಹೋಗಿದೆ ಅಂತ ಗೊತ್ತಾಯ್ತು, ಹಾಡಿನ ಪುಸ್ತಕ ಪಕ್ಕದಲ್ಲಿಟ್ಟು ನೋಡಿದ್ರೆ ಯಾವ ಹಾಡು ಕಾಣ್ತಿಲ್ಲ ಅಂತಲೂ ಗೊತ್ತಾಗುತ್ತೆ. ಎರಡನೇ ಮಹಾಯುದ್ಧದಲ್ಲಿ ಕಚ್ಚಾ ಫಿಲ್ಮ್ ಸಿಗದೇ ಸರ್ಕಾರ ಉದ್ದವನ್ನ 11,000 ಅಡಿಗೆ ಇಳಿಸಿತ್ತು, ಅಂದ್ರೆ ಎರಡು ಗಂಟೆ ಚಿಲ್ಲರೆ, ಆ ವರ್ಷಗಳ ಚಿತ್ರ ಚಿಕ್ಕದಿದ್ರೆ ಕತ್ತರಿ ಬಿದ್ದಿದೆ ಅಂತ ಅಂದ್ಕೋಬೇಡಿ.

ಪ್ರಿಂಟಿನ ಶುರುವಿನಲ್ಲಿ ಬರೋ ಸರ್ಟಿಫಿಕೇಟ್ ನೋಡಿ ಇಸವಿ ಬರೆಯೋರಿಗೆ ಒಂದು ಮಾತು: 1952ರ ಕಾಯ್ದೆ ಪ್ರಕಾರ ಸರ್ಟಿಫಿಕೇಟಿಗೆ 10 ವರ್ಷದ ಆಯುಸ್ಸು, 2023ರ ತಿದ್ದುಪಡಿಯಲ್ಲಿ ಅದನ್ನ ಶಾಶ್ವತ ಮಾಡಿದ್ರು. ಅಂದ್ರೆ ನಿಮ್ಗೆ ಕಾಣ್ತಿರೋದು ಮರುಬಿಡುಗಡೆಗೆ ನವೀಕರಿಸಿದ ಸರ್ಟಿಫಿಕೇಟ್ ಇರ್ಬಹುದು. "ಕೇಂದ್ರ ಚಲನಚಿತ್ರ ಪ್ರಮಾಣನ ಮಂಡಳಿ" ಅಂತ ಹೊಸ ಹೆಸರು ಇದ್ರಂತೂ ಅದು 1983ರ ಜೂನ್ ಆದ್ಮೇಲಿಂದು, ಚಿತ್ರ ಎಷ್ಟೇ ಹಳೇದಿರ್ಲಿ.

ಹಂತ 6: ರೆಕಾರ್ಡು

ಇದನ್ನ ಚಿಕ್ಕದಾಗಿ ಹೇಳ್ತೀನಿ, ಇದೇ ಬೇರೆ ಲೋಕ. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗೋ) ಪ್ಲೇಟಿಗೆ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಲೇಬಲ್ ಮೇಲೆ ಕ್ಯಾಟಲಾಗ್ ನಂಬರ್ ಅಚ್ಚಾಗಿರುತ್ತೆ, ಲೇಬಲ್ಲಿಗೂ ಗೆರೆಗಳಿಗೂ ನಡುವಿನ ಕಪ್ಪು ಜಾಗದಲ್ಲಿ ಇನ್ನೊಂದು ನಂಬರ್ ಕೆತ್ತಿರುತ್ತೆ, ಅದು ಮ್ಯಾಟ್ರಿಕ್ಸ್ ನಂಬರ್, ಬೆಳಕಿಗೆ ಓರೆ ಹಿಡಿದು ಓದ್ಬೇಕು. ಎರಡನ್ನೂ ಬರ್ಕೊಳ್ಳಿ, ಲೇಬಲ್ ಮರುಮುದ್ರಣದಲ್ಲಿ ಬದಲಾಗ್ಬಹುದು, ಕೆತ್ತಿದ ನಂಬರ್ ಆ ಧ್ವನಿಮುದ್ರಣದ ಗುರುತು. ಇಂಡಿಯಾದಲ್ಲಿ ರೆಕಾರ್ಡಿಂಗ್ ಹೇಗೆ ಶುರುವಾಯ್ತು ಅಂತ ಓದೋಕೆ ಮೈಕೆಲ್ ಕಿನ್ನೇರ್ ಮಾಡಿದ 1899ರಿಂದ 1908ರವರೆಗಿನ ಗ್ರಾಮಫೋನ್ ಕಂಪನಿಯ ಪಟ್ಟಿ ಪುಸ್ತಕ ಇದೆ, ನಂಬರ್ ನಂಬರ್ ಹಿಡಿದು ಮಾಡಿರೋ ಕೆಲಸ, ನೋಡ್ಲೇಬೇಕು. ರೆಕಾರ್ಡಲ್ಲಿ ಇರೋ ಹಾಡೂ ಸಿನಿಮಾದಲ್ಲಿರೋ ಹಾಡೂ ಒಂದೇ ಅಂತ ತಿಳೀಬೇಡಿ, ಮೂರು ನಿಮಿಷಕ್ಕೆ ಹಿಡಿಸೋಕೆ ಮತ್ತೆ ಹಾಡಿಸಿದ್ದು ಉಂಟು.

ಹಂತ 7: ಎಲ್ಲಿ ಹುಡುಕೋದು

ಬೆಂಗಳೂರಲ್ಲಿ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್ ಸೆಕೆಂಡ್ ಹ್ಯಾಂಡ್ ಅಂಗಡಿಗಳು, ನಿಮ್ಮೂರಲ್ಲಿ ರದ್ದಿ ಅಂಗಡಿ. ಹಾಡಿನ ಪುಸ್ತಕಗಳು ಬಿಡಿಬಿಡಿಯಾಗಿ ಸಿಗೋದಕ್ಕಿಂತ ಯಾರೋ ಹಿರಿಯರು ಹತ್ತಿಪ್ಪತ್ತು ಸೇರಿಸಿ ಹೊಲಿಸಿಟ್ಟ ಬೈಂಡಲ್ಲಿ ಸಿಗೋದು ಜಾಸ್ತಿ, ಅದಕ್ಕೇ ರಟ್ಟು ಹಾಕಿದ ಹೆಸರಿಲ್ಲದ ಬೈಂಡ್ ಕಂಡ್ರೆ ಬಿಡಿಸಿ ನೋಡಿ. ಅಂಗಡಿಯವರಿಗೆ "ಹಳೇ ಪುಸ್ತಕ ಇದೆಯಾ" ಅಂತ ಕೇಳಿದ್ರೆ ಕಾದಂಬರಿ ತೋರಿಸ್ತಾರೆ, "ಸಿನಿಮಾ ಹಾಡಿನ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್ಲು" ಅಂತ ಬಿಡಿಸಿ ಕೇಳಿ.

ಲೈಬ್ರರಿಗಳಲ್ಲಿ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ. 1954ರ ಕಾಯ್ದೆ ಆದ್ಮೇಲೆ ಅಚ್ಚಾದ ಪುಸ್ತಕದ ಪ್ರತಿ ಕಲ್ಕತ್ತಾದ ನ್ಯಾಷನಲ್ ಲೈಬ್ರರಿಗೆ, ಮದ್ರಾಸಿನ ಕನ್ನಿಮೆರಾಕ್ಕೆ ಹೋಗ್ಬೇಕು ಅಂತ ನಿಯಮ ಇದೆ, ಬೆಂಗಳೂರಲ್ಲಿ ಸಿಗದ್ದು ಅಲ್ಲಿ ಸಿಗ್ಬಹುದು. ಪುಣೆಯ ಫಿಲ್ಮ್ ಆರ್ಕೈವ್ 1964ರಲ್ಲಿ ಶುರುವಾಗಿ ಪಿ.ಕೆ. ನಾಯರ್ ಅವರ ಕೈಯಲ್ಲಿ ಬೆಳೆದಿದ್ದು, ಅಲ್ಲಿ ಪ್ರಿಂಟು ಮಾತ್ರ ಅಲ್ಲ, ಹಾಡಿನ ಪುಸ್ತಕ, ಪೋಸ್ಟರ್, ಫೋಟೋಗಳೂ ಇವೆ. ಹೋಗೋಕೆ ಮುಂಚೆ ನಿಮ್ಗೆ ಬೇಕಾದ ಚಿತ್ರಗಳ ಪಟ್ಟಿ ಇಸವಿ ಸಮೇತ ಕಳಿಸಿ, ಅಲ್ಲಿ ಹೋಗಿ ಕೇಳೋದಕ್ಕಿಂತ ಅದು ಒಳ್ಳೇದು.

ಇಲ್ಲಿ ಬಹಳ ಜನ ಮರೆಯೋ ವಿಷಯ ಒಂದಿದೆ. 1956ರ ನವೆಂಬರ್ 1ಕ್ಕಿಂತ ಮುಂಚೆ ಕನ್ನಡದ ನೆಲ ಒಂದೇ ಆಡಳಿತದಲ್ಲಿ ಇರಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ ಬೊಂಬಾಯಿಗೆ, ಮಂಗಳೂರು ಮದ್ರಾಸಿಗೆ, ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದಿಗೆ. ಹುಬ್ಬಳ್ಳಿಯಲ್ಲಿ ಕ್ಯಾಂಪು ಹಾಕಿದ ನಾಟಕ ಕಂಪನಿಯ ಲೈಸೆನ್ಸು, ಮಂಗಳೂರಿನ ಟಾಕೀಸಿನ ಕಾಗದ, ಇವನ್ನ ಬೆಂಗಳೂರಿನ ಪತ್ರಾಗಾರದಲ್ಲಿ ಹುಡುಕಿ ಇಲ್ಲ ಅಂತ ವಾಪಸ್ ಬರ್ಬೇಡಿ, ಮುಂಬೈ, ಚೆನ್ನೈ, ಹೈದರಾಬಾದಿನ ಪತ್ರಾಗಾರಗಳ ಪಟ್ಟಿ ನೋಡಿ. ಮೂಕಿ ಕಾಲಕ್ಕೆ 1927-28ರ ಇಂಡಿಯನ್ ಸಿನಿಮಾಟೋಗ್ರಾಫ್ ಕಮಿಟಿ ವರದಿ ಇದೆ, ಟಿ. ರಂಗಾಚಾರಿಯರ್ ಅಧ್ಯಕ್ಷರು, ಊರೂರಿನವರು ಕೊಟ್ಟ ಸಾಕ್ಷ್ಯದ ಸಂಪುಟಗಳೂ ಬೇರೆ ಇವೆ, ಟಾಕೀಸಿನವರ ಕಷ್ಟ ಸುಖ ಅವರದೇ ಮಾತಲ್ಲಿ ಓದ್ಬಹುದು.

ಮನೆಯಿಂದಲೇ ಹುಡುಕೋರಿಗೆ ಇಂಟರ್ನೆಟ್ ಆರ್ಕೈವ್. ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಜ್ ಸ್ವಯಂಸೇವಕರು ರಾಶಿ ರಾಶಿ ಕನ್ನಡ ಪುಸ್ತಕ, ಪತ್ರಿಕೆ ಸ್ಕ್ಯಾನ್ ಮಾಡಿ ಅಲ್ಲಿ ಹಾಕಿದಾರೆ, ಬಾಬೂರಾವ್ ಪಟೇಲರ ಫಿಲ್ಮ್‌ಇಂಡಿಯಾ ಪತ್ರಿಕೆಯ ಸಂಚಿಕೆಗಳೂ ಸಿಗ್ತವೆ. ಕನ್ನಡ ಅಕ್ಷರವನ್ನ ಯಂತ್ರ ಇನ್ನೂ ಸರಿಯಾಗಿ ಓದಲ್ಲ, ಅದರಲ್ಲೂ ಹಳೇ ಮೊಳೆ ಅಕ್ಷರದ ಒತ್ತುಗಳು ಕಲಸಿಹೋಗ್ತವೆ, ಅದಕ್ಕೇ ಒತ್ತಕ್ಷರ ಕಡಿಮೆ ಇರೋ ಪದ ಹಾಕಿ ಹುಡುಕಿ, ಇಂಗ್ಲಿಷ್ ಅಕ್ಷರದಲ್ಲೂ ಎರಡು ಮೂರು ಥರ ಬರೆದು ನೋಡಿ. ಸಿಗ್ಲಿಲ್ಲ ಅಂದ್ರೆ ಪುಟ ತಿರುವೋದೊಂದೇ ದಾರಿ.

ಹಂತ 8: ಬರೆದಿಡೋದು

ನೋಟ್‌ಬುಕ್ಕೋ ಎಕ್ಸೆಲ್ಲೋ ನಿಮ್ಮಿಷ್ಟ. ಚಿತ್ರದ ಹೆಸರು, ಭಾಷೆ, ಸೆನ್ಸಾರ್ ತಾರೀಕು, ಬಿಡುಗಡೆ ತಾರೀಕು ಮತ್ತು ಯಾವ ಊರು, ಉದ್ದ ಅಡಿಯಲ್ಲಿ, ಬ್ಯಾನರ್, ಸ್ಟುಡಿಯೋ, ತಾರಾಗಣ ಅಚ್ಚಲ್ಲಿದ್ದ ಹಾಗೆ. ಪ್ರತಿ ಮಾಹಿತಿಯ ಪಕ್ಕ ಎಲ್ಲಿಂದ ಬಂತು ಅನ್ನೋ ಕಾಲಂ ಖಾಲಿ ಬಿಡ್ಬೇಡಿ. ನಾನು ಮೂರು ಗುರುತು ಇಟ್ಕೊಂಡಿದೀನಿ: ಆ ಕಾಲದ ಕಾಗದ ಕಣ್ಣಾರೆ ನೋಡಿದ್ದಕ್ಕೆ "ಕ", ಕೋಶದಲ್ಲಿ ಓದಿದ್ದಕ್ಕೆ "ಪು", ಹಿರಿಯರ ಬಾಯಲ್ಲಿ ಕೇಳಿದ್ದಕ್ಕೆ "ಬಾ". ಎರಡು ಪುಸ್ತಕ ಒಂದೇ ಇಸವಿ ಹೇಳಿದ್ರೂ ಎರಡು "ಪು" ಸೇರಿ ಒಂದು "ಕ" ಆಗಲ್ಲ, ಎರಡನೆಯವರು ಮೊದಲನೆಯವರನ್ನ ನೋಡಿ ಬರ್ದಿರ್ಬಹುದು. ಇಬ್ರದ್ದೂ ಒಂದೇ ಥರ ತಪ್ಪು ಕಾಗುಣಿತ ಇದ್ರೆ ನಕಲು ಅಂತ ಖಾತ್ರಿ. ತಾಳೆ ಆಗದ ಎರಡು ಇಸವಿ ಇದ್ರೆ ಎರಡನ್ನೂ ಇಡಿ, ಒಂದನ್ನ ಅಳಿಸಿ ಚೊಕ್ಕ ಮಾಡ್ಬೇಡಿ.

ಹಂತ 9: ಕಾಪಾಡೋದು

ಹಾಡಿನ ಪುಸ್ತಕದ ಕಾಗದ ಅಗ್ಗದ್ದು, ಹಳದಿ ತಿರುಗಿ ಮಡಿಚಿದ ಕಡೆ ಪುಡಿ ಆಗುತ್ತೆ. ಮೊದಲು ತುಕ್ಕು ಹಿಡಿದ ಪಿನ್ನನ್ನ ಹಿಂದಿನ ಕಡೆಯಿಂದ ನಿಧಾನಕ್ಕೆ ಬಿಡಿಸಿ ತೆಗೀರಿ, ಬೇಕಾದ್ರೆ ಬಿಳಿ ನೂಲಲ್ಲಿ ಅದೇ ತೂತಿಗೆ ಹೊಲೀರಿ. ಸೆಲ್ಲೋಟೇಪ್ ಮುಟ್ಟಲೇಬೇಡಿ, ಕೆಲವೇ ವರ್ಷಕ್ಕೆ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರ ತಿಂದುಹಾಕುತ್ತೆ. ಲ್ಯಾಮಿನೇಶನ್ನೂ ಬೇಡ, ಒಂದ್ಸಲ ಮಾಡಿಸಿದ್ರೆ ಬಿಡಿಸೋಕಾಗಲ್ಲ. ನೆಲದಿಂದ ಎತ್ತರದ, ಗೋಡೆಗೆ ತಾಗದ ಕಪಾಟಲ್ಲಿ ಇಡಿ, ಗೆದ್ದಲು ಗೋಡೆಯಿಂದಲೇ ಬರೋದು, ಮಳೆಗಾಲ ಮುಗಿದ ಮೇಲೆ ಒಂದು ದಿನ ನೆರಳಲ್ಲಿ ಹರಡಿ ಗಾಳಿ ಆಡಿಸಿ, ಬಿಸಿಲಿಗೆ ಬೇಡ. ಫೋಟೋ ತೆಗೆಯುವಾಗ ಕಿಟಕಿ ಬೆಳಕಲ್ಲಿ, ಫ್ಲಾಶ್ ಇಲ್ಲದೆ, ಖಾಲಿ ಪುಟ, ಜಾಹೀರಾತು ಪುಟ ಸಮೇತ ರಟ್ಟಿಂದ ರಟ್ಟಿಗೆ ತೆಗೀರಿ, ಬೆಲೆಯ ಸಾಲು ಇರೋದು ಎಷ್ಟೋ ಸಲ ಹಿಂದಿನ ರಟ್ಟಿನ ಮೂಲೆಯಲ್ಲಿ. 78 ಪ್ಲೇಟುಗಳನ್ನ ನಿಲ್ಲಿಸಿ ಇಡಿ, ಸ್ಪಿರಿಟ್ ಹಾಕಿ ಒರೆಸ್ಬೇಡಿ, ಅವು ಅರಗಿನಿಂದ ಮಾಡಿದವು, ಸ್ಪಿರಿಟಲ್ಲಿ ಕರಗ್ತವೆ.

ಹಂತ 10: ಸಿಕ್ಕಿದ್ದನ್ನ ತಲುಪಿಸೋದು

ಒಂದು ಪುಸ್ತಕದಲ್ಲಿ ತಪ್ಪು ಸಿಕ್ಕಿದ್ರೆ, ನಿಮ್ಮ ಹತ್ರ "ಕ" ಗುರುತಿನ ಸಾಕ್ಷಿ ಇದ್ರೆ, ಫೇಸ್‌ಬುಕ್ಕಲ್ಲಿ ಹಾಕಿ ಲೇಖಕರ ಮಾನ ಹರಾಜು ಹಾಕೋದು ಬೇಡ. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಬಸ್ಸಲ್ಲಿ ಊರೂರು ಸುತ್ತಿ ಪಟ್ಟಿ ಮಾಡಿದವರು ಅವ್ರು, ಅವರ ಕೆಲಸ ಇಲ್ಲದೇ ಇದ್ದಿದ್ರೆ ನಮ್ಗೆ ತಿದ್ದೋಕೂ ಏನೂ ಇರ್ತಿರಲಿಲ್ಲ. ಪ್ರಕಾಶಕರಿಗೆ ಒಂದು ಕಾಗದ ಬರೀರಿ: ಪುಟ ಇಷ್ಟು, ಸಾಲು ಇಷ್ಟು, ಅಲ್ಲಿ ಹೀಗಿದೆ, ಜಾಹೀರಾತಲ್ಲಿ ಹೀಗಿದೆ, ಪೇಪರಿನ ಹೆಸರು, ತಾರೀಕು, ಪುಟ ಸಂಖ್ಯೆ, ಜೊತೆಗೆ ಜೆರಾಕ್ಸು. ಮುಂದಿನ ಮುದ್ರಣ ಯಾವಾಗ ಬರುತ್ತೋ ಗೊತ್ತಿಲ್ಲ, ಅದಕ್ಕೇ ಅದೇ ಕಾಗದದ ಇನ್ನೊಂದು ಪ್ರತಿಯನ್ನ ನಿಮ್ಮೂರ ಲೈಬ್ರರಿಯಲ್ಲಿ ಆ ಪುಸ್ತಕ ಇದ್ರೆ ಲೈಬ್ರೇರಿಯನ್ ಅವ್ರನ್ನ ಕೇಳಿ ಅದರೊಳಗೇ ಇಡಿಸಿ. ನಿಮ್ಮ ಹಾಡಿನ ಪುಸ್ತಕದ ಫೋಟೋಗಳನ್ನ ಇಂಟರ್ನೆಟ್ಟಿಗೆ ಹಾಕೋಕೆ ಮುಂಚೆ ಕಾಪಿರೈಟ್ ನೋಡ್ಕೊಳ್ಳಿ, ಸಾಹಿತ್ಯ ಬರೆದವರು ತೀರಿಕೊಂಡು 60 ವರ್ಷ ಆಗೋವರೆಗೆ ಹಕ್ಕು ಅವರ ಮನೆಯವರದ್ದೋ ಕೊಂಡವರದ್ದೋ ಇರುತ್ತೆ, ಅಂಥದ್ದರಲ್ಲಿ ಮುಖಪುಟ, ತಾರಾಗಣದ ಮಾಹಿತಿಯನ್ನ ಟೈಪ್ ಮಾಡಿ ಹಾಕಿದ್ರೂ ಹುಡುಕೋರಿಗೆ ಬಹಳ ಉಪಕಾರ ಆಗುತ್ತೆ.